ಊರ ಶಾಲೆಗೆ ಯಾವ ಹೊಸತನ? ಹಾಸನ ಜಿಲ್ಲೆಯ ಹಳೆಯ ವಿದ್ಯಾರ್ಥಿ ಸಂಘಗಳಿಗಾಗಿ, ಎಸ್‌ಡಿಎಂಸಿಗಳಿಗಾಗಿ ಕೊಡುಗೆಗಳ ಒಂದು ಹೋಲಿಕೆ

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಓದಿ ಬೆಂಗಳೂರು, ಮೈಸೂರುಗಳಲ್ಲಿ ನೆಲೆನಿಂತವರು ಊರಿನ ಸರ್ಕಾರಿ ಶಾಲೆಗಾಗಿ ಹಣ ಕೂಡಿಸುವುದು ಈಗ ಹಲವು ಕಡೆ ನಡೆಯುತ್ತಿದೆ. ಶಾಲೆಯ ಅಮೃತ ಮಹೋತ್ಸವವೋ ಶತಮಾನೋತ್ಸವವೋ ಬಂದಾಗ ಹಳೆಯ ವಿದ್ಯಾರ್ಥಿಗಳು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಮತ್ತು ಮುಖ್ಯಶಿಕ್ಷಕರು ಒಟ್ಟಿಗೆ ಕುಳಿತು, ಸುಣ್ಣಬಣ್ಣ, ಕಾಂಪೌಂಡು, ಶೌಚಾಲಯಗಳ ಮಾತು ಮುಗಿದ ಮೇಲೆ, ಮಕ್ಕಳ ಕಲಿಕೆಗೆ ಹೊಸದಾಗಿ ಏನು ಮಾಡಬಹುದು ಎಂಬ ಪ್ರಶ್ನೆಗೆ ಬರುತ್ತಾರೆ. ಆಗ ಕೇಳಿಬರುವ ಸಲಹೆಗಳು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ: ಸ್ಮಾರ್ಟ್ ತರಗತಿ, 1ರಿಂದ 3ನೇ ತರಗತಿಯವರ ನಲಿ-ಕಲಿ ಕೊಠಡಿಯ ಸುಧಾರಣೆ, ಗ್ರಂಥಾಲಯ, ವಿಜ್ಞಾನ ಪ್ರಯೋಗಾಲಯ, ಇಲ್ಲವೆ ಗೌರವಧನ ಕೊಟ್ಟು ಒಬ್ಬ ಹೆಚ್ಚುವರಿ ಶಿಕ್ಷಕಿ. ಎರಡರಿಂದ ಐದು ಲಕ್ಷ ರೂಪಾಯಿ ಕೂಡಿಸಿರುವ ಒಂದು ಗುಂಪು ಇವುಗಳಲ್ಲಿ ಯಾವುದನ್ನು, ಯಾವ ಶಾಲೆಗೆ, ಯಾವ ಷರತ್ತಿನ ಮೇಲೆ ಆರಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಹೋಲಿಕೆಗೆ ನಾನು ಬಳಸಿರುವ ಅಳತೆ ಒಂದೇ. ಕೊಟ್ಟ ವಸ್ತುವಿನಿಂದಾಗಿ ಮಗು ಈವರೆಗೆ ಮಾಡದಿದ್ದ ಯಾವ ಕೆಲಸವನ್ನು ದಿನವೂ ಮಾಡತೊಡಗುತ್ತದೆ, ಮತ್ತು ಉದ್ಘಾಟನೆಯಾಗಿ ಮೂರನೆಯ ವರ್ಷದ ಜುಲೈ ತಿಂಗಳಲ್ಲಿ, ಕರೆಂಟು ಇಲ್ಲದ ಒಂದು ದಿನ, ಮುಖ್ಯಶಿಕ್ಷಕರು ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋಗಿರುವಾಗಲೂ ಆ ಕೆಲಸ ನಡೆಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಗದ ಕೊಡುಗೆ ಎಷ್ಟು ಆಧುನಿಕವಾಗಿ ಕಂಡರೂ ಅದನ್ನು ಶಿಕ್ಷಣದಲ್ಲಿ ಆದ ಹೊಸತನವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಕೊಳ್ಳುವ ಮೊದಲು ಶಾಲೆಯನ್ನು ನೋಡಿ

ಆಡಳಿತಕ್ಕೆ ಹಾಸನ ಒಂದು ಜಿಲ್ಲೆಯಾದರೂ ಶಾಲೆಗಳ ಸ್ಥಿತಿಯಲ್ಲಿ ಅದು ಎರಡು ಸೀಮೆ. ಸಕಲೇಶಪುರ, ಆಲೂರು ಮತ್ತು ಬೇಲೂರಿನ ಮಲೆನಾಡು ಭಾಗದಲ್ಲಿ ಮನೆಗಳು ದೂರದೂರ ಇರುವುದರಿಂದ ಕೈಬೆರಳೆಣಿಕೆಯ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಅಲ್ಲಲ್ಲಿ ಹರಡಿಕೊಂಡಿವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು; ಹಾಗಾಗಿ 1ರಿಂದ 5ರವರೆಗಿನ ಐದು ತರಗತಿಗಳನ್ನು ಇಬ್ಬರು, ಒಬ್ಬರು ರಜೆಯಲ್ಲಿದ್ದರೆ ಒಬ್ಬರೇ, ನಿಭಾಯಿಸಬೇಕು. ಮಳೆಗಾಲದಲ್ಲಿ ರಜೆ ಘೋಷಣೆಯಾಗುವುದು, ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಅಲ್ಲಿ ಪ್ರತಿ ವರ್ಷದ ಮಾತು. ಕಾಡಾನೆಗಳ ಓಡಾಟವಿರುವ ಊರುಗಳಲ್ಲಿ ಮಕ್ಕಳು ಬೆಳಕಿರುವಾಗಲೇ ಮನೆ ಸೇರಬೇಕಾದ್ದರಿಂದ, ಶಾಲೆ ಬಿಟ್ಟ ಮೇಲೆ ನಡೆಯಬೇಕಾದ ಯಾವ ಯೋಜನೆಯೂ ಅಲ್ಲಿ ನಿಲ್ಲುವುದಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ತೋಟದ ಕೆಲಸಕ್ಕೆ ಬೇರೆಡೆಯಿಂದ ಬರುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರಿ, ವರ್ಷ ಮುಗಿಯುವ ಮೊದಲೇ ಹೊರಟುಹೋಗುತ್ತಾರೆ.

ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲಿನಲ್ಲಿ ಊರುಗಳು ದೊಡ್ಡವು, ರಸ್ತೆ ಹತ್ತಿರ, ಶಾಲೆಯ ಕಟ್ಟಡವೂ ಸಾಮಾನ್ಯವಾಗಿ ವಿಶಾಲ. ಅಲ್ಲಿನ ಚಿಂತೆ ಬೇರೆ: ಖಾಸಗಿ ಶಾಲೆಯ ವಾಹನ ಮನೆ ಬಾಗಿಲಿಗೇ ಬರುತ್ತದೆ, ಸರ್ಕಾರಿ ಶಾಲೆಯ ದಾಖಲಾತಿ ಇಳಿಯುತ್ತಿದೆ, ಹಿರಿಯ ತರಗತಿಗಳಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಶಿಕ್ಷಕರ ಹುದ್ದೆ ಖಾಲಿ ಇರುತ್ತದೆ. ಈ ಎರಡು ಬಗೆಯ ಶಾಲೆಗಳಿಗೆ ಒಂದೇ ಕೊಡುಗೆಯನ್ನು ಶಿಫಾರಸು ಮಾಡುವವರ ಮಾತನ್ನು ಒಪ್ಪಬಾರದು.

ಹಣ ಖರ್ಚು ಮಾಡುವ ಮೊದಲು ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡಬೇಕು. 4ರಿಂದ 7ನೇ ತರಗತಿಯ ಪ್ರತಿಯೊಂದು ಮಗುವನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, 2ನೇ ತರಗತಿಯ ಮಟ್ಟದ ಒಂದು ಕನ್ನಡ ಪ್ಯಾರಾವನ್ನು ಓದಿಸಿ, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸಿ ಬರೆದುಕೊಳ್ಳಿ. 2005ರಲ್ಲಿ ಆರಂಭವಾದ, ಮಕ್ಕಳ ಓದು ಮತ್ತು ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆ ದೇಶದ ಹಳ್ಳಿಗಳಲ್ಲಿ ಬಳಸುತ್ತ ಬಂದಿರುವ ವಿಧಾನ ಇದೇ. ಇದಕ್ಕೆ ಖರ್ಚಿಲ್ಲ, ತಜ್ಞರೂ ಬೇಕಿಲ್ಲ. ಶಿಕ್ಷಕರಿಗೆ ಇದು ತಪಾಸಣೆಯಂತೆ ಕಾಣದಿರಲು ಅವರನ್ನೇ ಮುಂದಿಟ್ಟುಕೊಂಡು ಮಾಡುವುದು ಲೇಸು, ಏಕೆಂದರೆ ಜೂನ್‌ನಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡುವ ಸೇತುಬಂಧದ ಸಮಯಕ್ಕೆ, ಅವರೇ ಮಕ್ಕಳ ಮಟ್ಟ ತಿಳಿಯುವ ನೈದಾನಿಕ ಪರೀಕ್ಷೆ ಮಾಡಿರುತ್ತಾರೆ ಮತ್ತು ಯಾವ ಮಗು ಎಲ್ಲಿ ನಿಂತಿದೆಯೆಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. 6ನೇ ತರಗತಿಯ ಮೂರರಲ್ಲೊಂದು ಪಾಲು ಮಕ್ಕಳು ಆ ಪ್ಯಾರಾವನ್ನು ಓದಲಾರದೆ ಉಳಿದರೆ, ರೋಬೋಟ್ ಕಿಟ್ಟಿನ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಸ್ಮಾರ್ಟ್ ತರಗತಿ: ಎಲ್ಲಿ ಫಲ, ಎಲ್ಲಿ ನಷ್ಟ

ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದ್ದರಿಂದ ಇದನ್ನೇ ಮೊದಲು ನೋಡೋಣ. ಗೋಡೆಯ ಮೇಲಿನ ದೊಡ್ಡ ಸ್ಪರ್ಶಪರದೆ, ಅದಕ್ಕೊಂದು ಯುಪಿಎಸ್, ತಂತಿ ಜೋಡಣೆ, ಕಿಟಕಿಗೆ ಕಬ್ಬಿಣದ ಜಾಲರಿ, ಇವೆಲ್ಲ ಸೇರಿ ಲಕ್ಷ ರೂಪಾಯಿಗಿಂತ ಮೇಲೆಯೇ ಆಗುತ್ತದೆ. ದಾನಿಗಳ ಹೆಸರಿನ ಫಲಕ ಹಾಕಲು, ಉದ್ಘಾಟನೆ ಮಾಡಲು, ಪೋಷಕರನ್ನು ಒಪ್ಪಿಸಲು ಇದಕ್ಕಿಂತ ಅನುಕೂಲವಾದ ವಸ್ತು ಇಲ್ಲ. ಆದರೆ ಪರದೆಯ ಮುಂದೆ ಮಗು ಮಾಡುವ ಕೆಲಸವೇನು ಎಂದು ಕೇಳಿಕೊಂಡರೆ, ಹೆಚ್ಚಿನ ಕಡೆ ಉತ್ತರ ಒಂದೇ: ಕೂತು ನೋಡುವುದು. ಕಪ್ಪುಹಲಗೆಯ ಮುಂದೆಯೂ ಅದು ಕೂತು ನೋಡುತ್ತಲೇ ಇತ್ತು.

ಉಪಕರಣ ಕೊಟ್ಟ ಮಾತ್ರಕ್ಕೆ ಕಲಿಕೆ ಏರುವುದಿಲ್ಲ ಎಂಬುದಕ್ಕೆ ಪೆರು ದೇಶದ ಅನುಭವ ದೊಡ್ಡ ಪುರಾವೆ. 2008ರಿಂದ ಅಲ್ಲಿನ ಸರ್ಕಾರ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು; 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ, ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏರಿಕೆ ಕಂಡುಬರಲಿಲ್ಲ. ಇದಕ್ಕೆ ಎದುರಾಗಿ, ದೆಹಲಿಯಲ್ಲಿ ಮಾಧ್ಯಮಿಕ ತರಗತಿಗಳ ಮಕ್ಕಳಿಗೆ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಮೂಲಕ ಶಾಲೆಯ ನಂತರ ಪಾಠ ನಡೆಸಿದ ಕೇಂದ್ರಗಳಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹ ಪ್ರಗತಿ ಕಂಡಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಎರಡರ ನಡುವಿನ ವ್ಯತ್ಯಾಸ ಯಂತ್ರದ ಬೆಲೆಯಲ್ಲಿಲ್ಲ. ದೆಹಲಿಯ ತಂತ್ರಾಂಶ ಪ್ರತಿ ಮಗುವಿನ ಮಟ್ಟವನ್ನು ಮೊದಲು ಅಳೆದು, 8ನೇ ತರಗತಿಯ ಮಗು 4ರ ಮಟ್ಟದಲ್ಲಿದ್ದರೆ ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ಅದರ ಜೊತೆಗೆ ಅರ್ಧ ಸಮಯ ಒಬ್ಬ ಬೋಧಕರು ಚಿಕ್ಕ ಗುಂಪಿಗೆ ಪಾಠ ಮಾಡುತ್ತಿದ್ದರು. ಯುನೆಸ್ಕೋ 2023ರಲ್ಲಿ ಹೊರತಂದ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನವನ್ನು ಯಾರ ಅಗತ್ಯಕ್ಕೆ, ಯಾರ ಷರತ್ತಿನ ಮೇಲೆ ತರುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳಿರಿ ಎಂದೇ ಎಚ್ಚರಿಸಿತು.

ಹಾಸನದವರಿಗೆ ಈ ವಿಷಯದಲ್ಲಿ ಇನ್ನೊಂದು ನಿದರ್ಶನ ಹತ್ತಿರದಲ್ಲೇ ಇದೆ. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಹಾರಿಬಿಟ್ಟ ಎಜುಸ್ಯಾಟ್ ಉಪಗ್ರಹವನ್ನು ನಿಯಂತ್ರಿಸಿದ್ದು ನಮ್ಮೂರಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರವೇ. ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲುಪಿದ್ದವು. ಆ ಕಾಲಕ್ಕೆ ಅದು ನಿಜವಾಗಿಯೂ ದೊಡ್ಡ ಪ್ರಯತ್ನ. 2010ರಲ್ಲಿ ಉಪಗ್ರಹದ ಸೇವೆ ಕೊನೆಗೊಂಡಿತು. ಉಪಗ್ರಹಕ್ಕಿರುವಂತೆ ಪರದೆಗೂ ಯುಪಿಎಸ್ ಬ್ಯಾಟರಿಗೂ ಆಯುಷ್ಯವಿದೆ, ಆಮೇಲೆ ಅದನ್ನು ಬದಲಿಸುವವರು ಯಾರು ಎಂಬ ಪ್ರಶ್ನೆ ಖರೀದಿಯ ದಿನವೇ ಬರಬೇಕು.

ಹಾಗೆಂದು ಸ್ಮಾರ್ಟ್ ತರಗತಿಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಪ್ರೌಢಶಾಲೆಯಲ್ಲಿ ವಿಷಯ ಶಿಕ್ಷಕರ ಹುದ್ದೆ ಖಾಲಿಯಿರುವಾಗ, ಹೃದಯದ ಕವಾಟಗಳು ಹೇಗೆ ತೆರೆಯುತ್ತವೆ, ಭೂಮಿ ವಾಲಿಕೊಂಡು ತಿರುಗುವುದರಿಂದ ಋತುಗಳು ಹೇಗಾಗುತ್ತವೆ ಎಂಬಂಥ ಚಲನೆಯ ವಿಷಯಗಳನ್ನು ಪರದೆ ಚಿತ್ರಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ದೀಕ್ಷಾ ಎಂಬ ಡಿಜಿಟಲ್ ವೇದಿಕೆಯ ಪಾಠಗಳು ಪಠ್ಯಪುಸ್ತಕದಲ್ಲಿರುವ ಕ್ಯುಆರ್ ಕೋಡ್ ಮೂಲಕವೇ ತೆರೆದುಕೊಳ್ಳುತ್ತವೆ. ಕೊರೊನಾ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಪ್ರಸಾರವಾದ ಸಂವೇದ ಪಾಠಗಳು ಕನ್ನಡದಲ್ಲೇ ಇವೆ. ಒಂದು ಸಾಧಾರಣ ಪ್ರೊಜೆಕ್ಟರ್, ಪಾಠಗಳನ್ನು ತುಂಬಿಟ್ಟ ಒಂದು ಹಾರ್ಡ್ ಡಿಸ್ಕ್, ಬಿಳಿ ಗೋಡೆ ಇದ್ದರೆ ಕೆಲಸ ನಡೆಯುತ್ತದೆ. ಮಾರಾಟಗಾರರು ಐದು ವರ್ಷದ ಚಂದಾದೊಂದಿಗೆ ತಂತ್ರಾಂಶವನ್ನೂ ಸೇರಿಸಿ ಕೊಡಲು ಬಂದರೆ, ಅದರಲ್ಲಿ ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮದ ಪಾಠ ಎಷ್ಟಿದೆ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ ಎಂಬುದನ್ನು ಶಾಲೆಯ ಕೊಠಡಿಯಲ್ಲೇ ನಡೆಸಿ ತೋರಿಸಲು ಹೇಳಿ.

ನಲಿ-ಕಲಿ ಕೊಠಡಿ: ಕೈಯಲ್ಲಿರುವ ಹೊಸತನ

ಹೊಸದೆಂದರೆ ಹೊರಗಿನಿಂದ ಬರಬೇಕೆಂಬ ಭಾವನೆಯಿಂದಾಗಿ, ನಮ್ಮ ರಾಜ್ಯದ್ದೇ ಆದ ದೊಡ್ಡ ಶೈಕ್ಷಣಿಕ ಪ್ರಯೋಗವೊಂದು ಪ್ರತಿ ಊರಿನ ಶಾಲೆಯಲ್ಲೂ ಇರುವುದು ನಮ್ಮ ಗಮನಕ್ಕೇ ಬರುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು, ಆಂಧ್ರಪ್ರದೇಶದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಣೆಯಾಯಿತು. 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು ಕಾರ್ಡುಗಳ ಮೂಲಕ ಕಲಿಯುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿಕೊಂಡು ತನ್ನ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಳ್ಳುತ್ತದೆ. ಶಿಕ್ಷಕಿ ಒಂದು ಗುಂಪಿಗೆ ಹೊಸದನ್ನು ಕಲಿಸುತ್ತಿರುವಾಗ ಇನ್ನೊಂದು ಗುಂಪು ಪರಸ್ಪರ ಸಹಾಯದಿಂದ, ಮತ್ತೊಂದು ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ.

ಮಲೆನಾಡಿನ ಚಿಕ್ಕ ಶಾಲೆಗೆ ಈ ಪದ್ಧತಿ ಎಷ್ಟು ಒಗ್ಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮಳೆರಜೆ, ಜ್ವರ, ಸುಗ್ಗಿ, ಜಾತ್ರೆಗಳಿಂದ ಹತ್ತು ದಿನ ತಪ್ಪಿಸಿಕೊಂಡ ಮಗು ಸಾಮಾನ್ಯ ತರಗತಿಯಲ್ಲಿ ಹತ್ತು ಪಾಠ ಹಿಂದೆ ಬೀಳುತ್ತದೆ. ನಲಿ-ಕಲಿಯಲ್ಲಿ ಅದು ಬಿಟ್ಟುಹೋದ ಮೆಟ್ಟಿಲಿಗೇ ಮರಳಿ ಬರುತ್ತದೆ. ಕುಯ್ಲಿನ ಕಾಲದಲ್ಲಿ ತೋಟದ ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗೆ, ಬಂದ ಕುಟುಂಬದ ಮಗುವನ್ನು ಜನವರಿಯಲ್ಲಿ ಸೇರಿಸಿಕೊಂಡರೂ ಅದನ್ನು ಕೂರಿಸಲು ಒಂದು ಜಾಗವಿರುತ್ತದೆ. ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವ ಬಹುವರ್ಗ ಬೋಧನೆಯನ್ನು ಕೊರತೆಯೆಂದು ನೋಡದೆ ಅದನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿದ ಪದ್ಧತಿ ಇದು. ಕರೆಂಟಿನ ಹಂಗೂ ಇದಕ್ಕಿಲ್ಲ.

ಹಾಗಿದ್ದೂ ಹಲವು ಶಾಲೆಗಳಲ್ಲಿ ಇದು ಸೊರಗಿರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಚಿಕ್ಕವು ಮತ್ತು ಸರಿಪಡಿಸಬಹುದಾದವು. ಕಾರ್ಡುಗಳು ಹರಿದಿರುತ್ತವೆ, ಕೆಲವು ಮೆಟ್ಟಿಲಿನ ಕಾರ್ಡುಗಳೇ ಕಳೆದಿರುತ್ತವೆ. ಕಳೆದ ಕಾರ್ಡಿನ ಜಾಗದಲ್ಲಿ ಮಗುವಿನ ಏಣಿ ಮುರಿಯುತ್ತದೆ, ಶಿಕ್ಷಕಿ ಅನಿವಾರ್ಯವಾಗಿ ಕಪ್ಪುಹಲಗೆಗೆ ಮರಳುತ್ತಾರೆ. ಮಕ್ಕಳು ಬರೆಯಲೆಂದು ಗೋಡೆಯ ಕೆಳಭಾಗದಲ್ಲಿ ಮಾಡಿದ್ದ ಕರಿಬಣ್ಣದ ಪಟ್ಟಿ ತೇವಕ್ಕೆ ಎದ್ದುಹೋಗಿರುತ್ತದೆ. ಮಕ್ಕಳ ಕೆಲಸವನ್ನು ತೂಗುಹಾಕುವ ಚಪ್ಪರದ ದಾರ ಹರಿದಿರುತ್ತದೆ. ನೆಲ ತಣ್ಣಗೆ ಕೊರೆಯುತ್ತಿರುತ್ತದೆ. ಕಾರ್ಡುಗಳ ಪೂರ್ತಿ ಜೊತೆಯನ್ನು ಮತ್ತೆ ಮುದ್ರಿಸಿ ಲ್ಯಾಮಿನೇಟ್ ಮಾಡಿಸುವುದು, ಎತ್ತರ ಕಡಿಮೆಯಿರುವ ದುಂಡುಮೇಜುಗಳು, ದಪ್ಪ ಜಮಖಾನೆ, ಗೋಡೆಪಟ್ಟಿಗೆ ಹೊಸ ಬಣ್ಣ, ಕಾರ್ಡಿನ ಟ್ರೇಗಳು, ಹೆಚ್ಚು ಬೆಳಕು ಬರುವಂತೆ ಹಂಚಿನ ನಡುವೆ ಒಂದೆರಡು ಗಾಜಿನ ಹಂಚು, ಇಷ್ಟನ್ನು ಮಾಡಲು ಒಂದು ಸ್ಪರ್ಶಪರದೆಯ ಬೆಲೆಗಿಂತ ಕಡಿಮೆ ಹಣ ಸಾಕು. ಕಾರ್ಡುಗಳನ್ನು ಮುದ್ರಿಸುವ ಮೊದಲು ಈಗ ಚಾಲ್ತಿಯಲ್ಲಿರುವ ಆವೃತ್ತಿ ಯಾವುದೆಂದು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯವರನ್ನೋ (ಸಿಆರ್‌ಪಿ) ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನೋ (ಡಯಟ್) ಕೇಳಿ ಖಚಿತಪಡಿಸಿಕೊಳ್ಳಿ.

ಇದರ ಮಿತಿಯನ್ನೂ ಹೇಳಬೇಕು. ತರಬೇತಿ ಪಡೆದ ನಲಿ-ಕಲಿ ಶಿಕ್ಷಕಿ ವರ್ಗವಾಗಿ ಹೋದರೆ ಕೊಠಡಿ ಎಷ್ಟೇ ಚೆನ್ನಾಗಿದ್ದರೂ ಪದ್ಧತಿ ನಿಲ್ಲಬಹುದು. ಜೊತೆಗೆ ಇದು 3ನೇ ತರಗತಿಗೇ ಮುಗಿಯುತ್ತದೆ. 4ನೇ ತರಗತಿಗೆ ಬಂದ ಮಗು ಒಮ್ಮೆಗೇ ಪಠ್ಯಪುಸ್ತಕ, ನೋಟ್ಸು, ಪರೀಕ್ಷೆಗಳ ಲೋಕಕ್ಕೆ ಬೀಳುತ್ತದೆ. ಆ ಜಾಗದಲ್ಲಿ ಮುಂದಿನ ಆಯ್ಕೆ ಬಹಳ ಮುಖ್ಯವಾಗುತ್ತದೆ.

ಓದುವ ಕೋಣೆ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲೂ ಗ್ರಂಥಾಲಯ, ಅದರಲ್ಲಿ ಕಥೆಪುಸ್ತಕಗಳು ಇರಬೇಕೆಂದಿದೆ. ಬಹುತೇಕ ಶಾಲೆಗಳಲ್ಲಿ ಪುಸ್ತಕಗಳು ಇವೆ ಕೂಡ, ಆದರೆ ಬೀರುವಿನೊಳಗೆ ಬೀಗ ಹಾಕಿ. ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣವೆಂದು ತಿಳಿಯುವುದು ಅನ್ಯಾಯ. ದಾಸ್ತಾನು ವಹಿಯಲ್ಲಿ ಬರೆದ ಪುಸ್ತಕ ಕಳೆದರೆ ಮುಂದೆ ಉತ್ತರ ಹೇಳಬೇಕಾದವರು ಅವರು. ಆದ್ದರಿಂದ ಹಳೆಯ ವಿದ್ಯಾರ್ಥಿಗಳು ಪುಸ್ತಕ ಕೊಡುವಾಗ ಅದರ ಜೊತೆಗೇ ಒಂದು ಬರಹವನ್ನೂ ಕೊಡಬೇಕು: ಈ ಪುಸ್ತಕಗಳು ಮಕ್ಕಳ ಕೈಯಲ್ಲಿ ಸವೆಯಲೆಂದು ಕೊಟ್ಟವು, ವರ್ಷಕ್ಕೆ ಇಷ್ಟು ಪಾಲು ಹರಿದರೂ ಕಳೆದರೂ ಯಾರನ್ನೂ ಹೊಣೆ ಮಾಡುವುದಿಲ್ಲ, ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆದು ಅವನ್ನು ವಹಿಯಿಂದ ತೆಗೆಯಬಹುದು. ಪುಸ್ತಕದಷ್ಟೇ ಬೆಲೆಬಾಳುವ ಕೊಡುಗೆ ಈ ಬರಹ ಎಂದು ನನ್ನ ನಂಬಿಕೆ.

ಯಾವ ಪುಸ್ತಕ ಎಂಬಲ್ಲಿ ಹೆಚ್ಚಿನ ಸಂಘಗಳು ದಾರಿ ತಪ್ಪುತ್ತವೆ. ಮನೆಯಲ್ಲಿ ಉಳಿದ ಹಳೆಯ ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ದಪ್ಪನೆಯ ವಿಶ್ವಕೋಶಗಳನ್ನು ತಂದು ತುಂಬಿದರೆ ಬೀರು ತುಂಬುತ್ತದೆ, ಓದು ಆರಂಭವಾಗುವುದಿಲ್ಲ. ಈಗಷ್ಟೇ ಒತ್ತಕ್ಷರ ಕೂಡಿಸಿ ಓದುವ ಮಗುವಿಗೆ ಪುಟಕ್ಕೆ ಎರಡು ಸಾಲಿನ ಚಿತ್ರಕಥೆ ಬೇಕು. ಅದು ಮುಗಿದ ಮೇಲೆ ಪುಟಕ್ಕೆ ಐದಾರು ಸಾಲಿನದು ಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕನ್ನಡದಲ್ಲಿ ಹಂತಹಂತವಾಗಿ ಗುರುತು ಮಾಡಿದ ಇಂಥ ಪುಸ್ತಕಗಳನ್ನು ಕಡಿಮೆ ಬೆಲೆಗೆ ತರುತ್ತಿದೆ; ಅದರ ಸ್ಟೋರಿವೀವರ್ ತಾಣದ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಲೂ ಬಹುದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಪ್ರಕಾಶನಗಳ ಮಕ್ಕಳ ಪುಸ್ತಕಗಳು ಹಿರಿಯ ಪ್ರಾಥಮಿಕಕ್ಕೆ ಹೊಂದುತ್ತವೆ. ಮುನ್ನೂರು ಬೇರೆಬೇರೆ ಪುಸ್ತಕಕ್ಕಿಂತ, ನೂರು ಶೀರ್ಷಿಕೆಗಳನ್ನು ಮೂರು ಮೂರು ಪ್ರತಿಯಂತೆ ತರುವುದು ನನ್ನ ಆಯ್ಕೆ, ಏಕೆಂದರೆ ಒಂದೇ ಕಥೆಯನ್ನು ಗೆಳತಿಯೂ ಓದಿದ್ದರೆ ಅದರ ಬಗ್ಗೆ ಮಾತು ಹುಟ್ಟುತ್ತದೆ.

ಸಕಲೇಶಪುರದ ಕಡೆ ಪುಸ್ತಕಕ್ಕೆ ಬೂಷ್ಟು ಹಿಡಿಯುವುದೊಂದು ನಿಜವಾದ ತೊಂದರೆ. ಗೋಡೆಗೆ ತಾಗಿಸಿದ ಮರದ ಕಪಾಟಿಗಿಂತ, ಗೋಡೆಯಿಂದ ಒಂದಡಿ ಈಚೆಗೆ ನಿಲ್ಲಿಸಿದ ತೆರೆದ ಕಬ್ಬಿಣದ ಸ್ಟ್ಯಾಂಡು ಮೇಲು. ಮಳೆ ಬಿಡುವು ಕೊಟ್ಟ ದಿನ ಮಕ್ಕಳೇ ಪುಸ್ತಕಗಳನ್ನು ಜಗಲಿಯ ಬಿಸಿಲಿಗೆ ಹರಡಬಹುದು. ಇನ್ನು ಹಲವು ಊರುಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವೆಂಬ ಹೆಸರಿನಲ್ಲಿ ನಡೆಯುತ್ತಿದೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅರಿವು ಕೇಂದ್ರ ಶಾಲೆಯ ಪಕ್ಕದಲ್ಲೇ ಇದ್ದರೆ ಶಾಲೆಗೆ ಇನ್ನೊಂದು ಗ್ರಂಥಾಲಯ ಕಟ್ಟುವ ಬದಲು, ವಾರಕ್ಕೊಂದು ಅವಧಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ವೇಳಾಪಟ್ಟಿ ಮಾಡಿಸುವುದೇ ಸಾಕಾದೀತು.

ಕೋಣೆಗಿಂತ ವೇಳೆ ಮುಖ್ಯ ಎಂಬುದನ್ನು ಒತ್ತಿ ಹೇಳುತ್ತೇನೆ. ದಿನಕ್ಕೆ 20 ನಿಮಿಷ, ಪ್ರಾರ್ಥನೆ ಮುಗಿದ ಕೂಡಲೇ, ಇಡೀ ಶಾಲೆ, ಶಿಕ್ಷಕರೂ ಸೇರಿ, ತಮಗಿಷ್ಟವಾದ ಪುಸ್ತಕವನ್ನು ಓದುವುದೆಂದು ಮುಖ್ಯಶಿಕ್ಷಕರು ಒಪ್ಪಿದರೆ ಮಾತ್ರ ಹಣ ಕೊಡಿ. ಒಪ್ಪದಿದ್ದರೆ ಬೇರೆ ಆಯ್ಕೆಗೆ ಹೋಗಿ.

ಪ್ರಯೋಗಾಲಯ, ಟಿಂಕರಿಂಗ್ ಲ್ಯಾಬ್, ಗಣಿತದ ಪೆಟ್ಟಿಗೆ

ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ 2016ರಿಂದ ದೇಶದಲ್ಲಿ ಸುಮಾರು ಹತ್ತು ಸಾವಿರ ಶಾಲೆಗಳಿಗೆ, ಮಕ್ಕಳು ತಾವೇ ಉಪಕರಣಗಳನ್ನು ಕಟ್ಟಿ ನೋಡುವ ಟಿಂಕರಿಂಗ್ ಲ್ಯಾಬ್ ಮಂಜೂರು ಮಾಡಿದೆ. 6ರಿಂದ 12ನೇ ತರಗತಿಯವರಿಗಾಗಿ, ತ್ರಿಆಯಾಮದ ಮುದ್ರಕ, ಸಂವೇದಕ, ಆರ್ಡುಯಿನೊ ಎಂಬ ಚಿಕ್ಕ ಎಲೆಕ್ಟ್ರಾನಿಕ್ ಫಲಕಗಳಿರುವ ಇಂಥ ಒಂದು ಲ್ಯಾಬಿಗೆ ಐದು ವರ್ಷಗಳ ಅವಧಿಯಲ್ಲಿ 20 ಲಕ್ಷ ರೂಪಾಯಿವರೆಗೆ ಅನುದಾನ. ಈ ಮೊತ್ತವನ್ನು ನೋಡಿದರೇ ತಿಳಿಯುತ್ತದೆ, ಮೂರು ಲಕ್ಷದಲ್ಲಿ ಅದರ ನಕಲನ್ನು ಮಾಡಲು ಹೊರಡುವುದು ತರವಲ್ಲ ಎಂದು. ಮುದ್ರಕಕ್ಕೆ ಹಾಕುವ ಪ್ಲಾಸ್ಟಿಕ್ ತಂತು ಮುಗಿದ ದಿನ ಕೆಲಸ ನಿಂತುಹೋಗುತ್ತದೆ. ಹೋಬಳಿ ಕೇಂದ್ರದ ಪ್ರೌಢಶಾಲೆಯಲ್ಲಿ ಆಸಕ್ತಿಯುಳ್ಳ ವಿಜ್ಞಾನ ಶಿಕ್ಷಕರಿದ್ದರೆ ಸರ್ಕಾರಿ ಅನುದಾನಕ್ಕೇ ಅರ್ಜಿ ಹಾಕಿಸಿ, ಸಂಘದ ಹಣವನ್ನು ಕೊಠಡಿಯ ದುರಸ್ತಿಗೆ ಇಟ್ಟುಕೊಳ್ಳುವುದು ಉತ್ತಮ.

ಕಡಿಮೆ ಹಣದಲ್ಲಿ ವಿಜ್ಞಾನವನ್ನು ಕೈಯಿಂದ ಕಲಿಸುವ ಪರಂಪರೆ ನಮ್ಮ ದೇಶದಲ್ಲಿ ಗಟ್ಟಿಯಾಗಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಹಳ್ಳಿ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ, ಸಾಮಾನ್ಯ ಸರ್ಕಾರಿ ಶಾಲೆಯ ಮಕ್ಕಳೂ ಅಗ್ಗದ ಕಿಟ್ಟಿನಿಂದ ಪ್ರಯೋಗ ಮಾಡಿ, ಫಲಿತಾಂಶವನ್ನು ಚರ್ಚಿಸಿ, ನಿಯಮವನ್ನು ತಾವೇ ಕಂಡುಕೊಳ್ಳಬಲ್ಲರೆಂದು ಮೂವತ್ತು ವರ್ಷ ತೋರಿಸಿತು. ಅದರಿಂದಲೇ ಪ್ರೇರಣೆ ಪಡೆದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಬಾಟಲಿಗಳಿಂದ ಮಾಡಿದ ವಿಜ್ಞಾನದ ಆಟಿಕೆಗಳು ಈಗಲೂ ಯಾವ ಹಳ್ಳಿಯಲ್ಲಾದರೂ ಮಾಡಬಹುದಾದವು.

ಹಾಸನಕ್ಕೆ ನಾನು ಒತ್ತಾಯಪೂರ್ವಕವಾಗಿ ಸೂಚಿಸುವ ಪ್ರಯೋಗ ಮಳೆಮಾಪನ. ಕಾಫಿ ಬೆಳೆಗಾರರ ತೋಟಗಳಲ್ಲಿ ಮಳೆಯನ್ನು ಇಂಚಿನ ಲೆಕ್ಕದಲ್ಲಿ ವರ್ಷಾನುಗಟ್ಟಲೆ ಬರೆದಿಟ್ಟ ಪುಸ್ತಕಗಳಿರುತ್ತವೆ. ಶಾಲೆಯ ಅಂಗಳದಲ್ಲೊಂದು ಮಳೆಮಾಪಕ ನಿಲ್ಲಿಸಿ, 6ನೇ ತರಗತಿಯವರು ದಿನವೂ ಮಿಲಿಮೀಟರಿನಲ್ಲಿ ಬರೆದು, ಹತ್ತಿರದ ತೋಟದ ಲೆಕ್ಕದೊಂದಿಗೆ ಹೋಲಿಸಿ, ಅದೇ ವಾರ ಅರಸೀಕೆರೆಯ ಒಂದು ಶಾಲೆಯಲ್ಲಿ ಬಿದ್ದ ಮಳೆಯನ್ನು ದೂರವಾಣಿಯಲ್ಲಿ ಕೇಳಿ ಸ್ತಂಭನಕ್ಷೆ ಬರೆದರೆ, ಅಳತೆ, ಸರಾಸರಿ, ದಶಮಾಂಶ, ಭೂಗೋಳ ಎಲ್ಲವೂ ಒಂದೇ ಕೆಲಸದಲ್ಲಿ ಬರುತ್ತವೆ. ನಲಿ-ಕಲಿಯ ಹವಾಮಾನ ನಕ್ಷೆಯಲ್ಲಿ ಮೋಡ, ಮಳೆಯ ಚಿತ್ರ ಹಾಕಿ ಬಂದ ಮಕ್ಕಳಿಗೆ ಇದು ಸಹಜವಾದ ಮುಂದುವರಿಕೆ. ಇಂಥ ಪ್ರಶ್ನೆಗಳಿಂದ ಹೊಮ್ಮಿದ ಸ್ವಂತ ಆಲೋಚನೆಯನ್ನು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಕಳುಹಿಸಬಹುದು. ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ.

ಗಣಿತದ ಮಟ್ಟಿಗೆ ಹೊಸ ಖರೀದಿಯ ಮೊದಲು ಶಾಲೆಯಲ್ಲಿರುವ ಪೆಟ್ಟಿಗೆಯನ್ನು ತೆರೆಸಿ. ಅಕ್ಷರ ಫೌಂಡೇಶನ್ ಸರ್ಕಾರದೊಂದಿಗೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ಟುಗಳು 4 ಮತ್ತು 5ನೇ ತರಗತಿಗಾಗಿ ರಾಜ್ಯದ ಸಾವಿರಾರು ಶಾಲೆಗಳಿಗೆ ಬಂದಿವೆ.

ಇನ್ನೂ ಮೂರು ಬೇಡಿಕೆಗಳು

ಇಂಗ್ಲಿಷ್ ಮಾಧ್ಯಮ ಬೇಕೆಂಬ ಪೋಷಕರ ಬೇಡಿಕೆಯನ್ನು ಹಗುರವಾಗಿ ಕಾಣಬಾರದು, ಆದರೆ ಅದನ್ನು ಆರಂಭಿಸುವುದು ಸರ್ಕಾರದ ಅನುಮತಿಯ ವಿಷಯ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಅಂಥ ವಿಭಾಗ ತೆರೆದದ್ದೂ ಹಾಗೆಯೇ. ಸಂಘ ಮಾಡಬಹುದಾದದ್ದು ಕನ್ನಡ-ಇಂಗ್ಲಿಷ್ ಎರಡೂ ಇರುವ ದ್ವಿಭಾಷಾ ಕಥೆಪುಸ್ತಕಗಳನ್ನು ಓದುವ ಕೋಣೆಗೆ ಸೇರಿಸುವುದು. ಶಾಲಾ ಕೈತೋಟ ಒಳ್ಳೆಯದು, ಖರ್ಚು ಕಡಿಮೆ, ನೀರಿದ್ದರೆ ಮಾಡಿ. ಶಾಲಾ ವಾಹನದಿಂದ ದಾಖಲಾತಿ ಏರುವುದು ನಿಜ, ಆದರೆ ಡೀಸೆಲ್, ಚಾಲಕರ ಸಂಬಳ, ವಿಮೆಗಳು ಪ್ರತಿ ವರ್ಷ ಬರುವ ಖರ್ಚಾದ್ದರಿಂದ ಒಮ್ಮೆ ಕೂಡಿಸಿದ ಹಣದಿಂದ ಅದನ್ನು ಆರಂಭಿಸಬೇಡಿ.

ಗೌರವಧನದ ಶಿಕ್ಷಕಿ

ಈ ಆಯ್ಕೆಯಲ್ಲಿ ಫಲಕ ಹಾಕಲು ವಸ್ತುವೇನೂ ಇಲ್ಲ, ಆದ್ದರಿಂದ ಸಭೆಗಳಲ್ಲಿ ಇದು ಹಿಂದೆ ಸರಿಯುತ್ತದೆ. ಆದರೆ ಪುರಾವೆಯ ದೃಷ್ಟಿಯಿಂದ ಎಲ್ಲಕ್ಕಿಂತ ಬಲವಾದದ್ದು ಇದೇ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಅದೇ ಬಡಾವಣೆಯ ಯುವತಿಯರನ್ನು ಬಾಲಸಖಿಯರೆಂದು ನೇಮಿಸಿ, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ಶಾಲಾ ವೇಳೆಯಲ್ಲೇ ದಿನಕ್ಕೆ ಎರಡು ಗಂಟೆ ಅವರ ಬಳಿಗೆ ಕಳುಹಿಸಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ತಂಡ ಇದನ್ನು ಅಳೆದಾಗ, ಅಂಕಗಳು ಏರಿದ್ದವು. ಅತಿ ಹಿಂದಿದ್ದ ಮಕ್ಕಳಿಗೇ ಅತಿ ಹೆಚ್ಚು ಪ್ರಯೋಜನವಾಗಿತ್ತು. ದೆಹಲಿಯ ತಂತ್ರಾಂಶವೂ, ನಲಿ-ಕಲಿಯ ಏಣಿಯೂ, ಬಾಲಸಖಿಯೂ ಮಾಡುವುದು ಒಂದೇ ಕೆಲಸ: ಮಗು ಇರುವ ಮಟ್ಟದಿಂದ ಆರಂಭಿಸುವುದು.

ಊರಿನಲ್ಲೇ ಡಿ.ಎಡ್ ಮುಗಿಸಿ ಮನೆಯಲ್ಲಿರುವ, ಅಥವಾ ಪದವಿ ಪಡೆದ ಒಬ್ಬ ಹೆಣ್ಣುಮಗಳನ್ನು ದಿನಕ್ಕೆ ಎರಡು ಗಂಟೆಗೆ ನೇಮಿಸಿ, ಪರೀಕ್ಷೆಯಲ್ಲಿ ಪ್ಯಾರಾ ಓದಲಾಗದ ಮಕ್ಕಳನ್ನಷ್ಟೇ ಅವರಿಗೆ ವಹಿಸಬೇಕು. ಎರಡು ಎಚ್ಚರಗಳಿವೆ. ಅವರನ್ನು ಖಾಲಿ ಹುದ್ದೆಯ ಶಿಕ್ಷಕರ ಬದಲಿಗೆ ಇಡೀ ತರಗತಿಗೆ ನಿಲ್ಲಿಸಿದರೆ ಪ್ರಯೋಜನ ಕರಗಿಹೋಗುತ್ತದೆ, ಖಾಲಿ ಹುದ್ದೆ ತುಂಬುವ ಒತ್ತಡವೂ ಇಲಾಖೆಯ ಮೇಲಿರುವುದಿಲ್ಲ. ಗೌರವಧನವನ್ನು ಹತ್ತು ತಿಂಗಳಿಗೆ ಮೊದಲೇ ಬ್ಯಾಂಕಿನಲ್ಲಿಟ್ಟು, ತಿಂಗಳ ನಿಗದಿತ ದಿನ ಕೊಡಬೇಕು. ಎರಡು ತಿಂಗಳ ಬಾಕಿ ಉಳಿಸಿಕೊಂಡ ಸಂಘಕ್ಕೆ ಮೂರನೆಯ ತಿಂಗಳು ಯಾರೂ ಕೆಲಸ ಮಾಡುವುದಿಲ್ಲ.

ಯಾವ ಶಾಲೆಗೆ ಯಾವುದು

ಇಪ್ಪತ್ತರ ಆಸುಪಾಸು ಮಕ್ಕಳಿರುವ ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆಗೆ ನಲಿ-ಕಲಿ ಕೊಠಡಿ ಮೊದಲು, ಅದರ ಮೂಲೆಯಲ್ಲೇ ಪುಸ್ತಕದ ಸ್ಟ್ಯಾಂಡು. ಅಲ್ಲಿ ಪರದೆಗೆ ಹಣ ಹಾಕಬೇಡಿ. ನೂರಕ್ಕೂ ಹೆಚ್ಚು ಮಕ್ಕಳಿರುವ ಬಯಲಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಲಾಗದ ಮಕ್ಕಳ ಸಂಖ್ಯೆಯೇ ನಿರ್ಧಾರಕ: ಅಂಥವರು ಹದಿನೈದಕ್ಕಿಂತ ಹೆಚ್ಚಿದ್ದರೆ ಮೊದಲ ಎರಡು ವರ್ಷದ ಹಣ ಗೌರವಧನಕ್ಕೆ, ಇಲ್ಲದಿದ್ದರೆ ಓದುವ ಕೋಣೆಗೂ ವಿಜ್ಞಾನದ ಕಿಟ್ಟಿಗೂ. ಪ್ರೌಢಶಾಲೆಯಲ್ಲಿ ಪ್ರಯೋಗಾಲಯಕ್ಕೆ ಮೊದಲ ಸ್ಥಾನ, ವಿಷಯ ಶಿಕ್ಷಕರಿಲ್ಲದ ಕಡೆ ಪ್ರೊಜೆಕ್ಟರ್. ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಸರ್ಕಾರದ ಹಣವೇ ಹೆಚ್ಚು ಬರುವುದರಿಂದ, ಅಲ್ಲಿನ ಹಳೆಯ ವಿದ್ಯಾರ್ಥಿಗಳು ವಸ್ತುವಿಗಿಂತ ಸಮಯವನ್ನು ಕೊಡಬಹುದು. ಹಾಸನದಲ್ಲೇ ಇರುವ ಎಂಜಿನಿಯರು, ನರ್ಸು, ಕೃಷಿಕರು ತಿಂಗಳಿಗೊಮ್ಮೆ ಬಂದು 9ನೇ ತರಗತಿಯವರೊಂದಿಗೆ ಒಂದು ಕೆಲಸ ಮಾಡಿ ತೋರಿಸುವುದು ಆ ವಯಸ್ಸಿನವರಿಗೆ ಬಹಳ ಬೇಕಾದದ್ದು.

ಮಕ್ಕಳ ಸಂಖ್ಯೆ ಇಳಿದು, ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನವಾಗುವ ಮಾತು ಕೇಳಿಬರುತ್ತಿರುವ ಶಾಲೆಗಳ ಬಗ್ಗೆ ಸಂಘಗಳು ಹಿಂಜರಿಯುತ್ತವೆ. ಅಂಥಲ್ಲಿ ಕೊಡಬಾರದೆಂದಲ್ಲ, ಗೋಡೆಗೆ, ತಂತಿಗೆ, ಟೈಲ್ಸಿಗೆ ಹಣ ಹಾಕದೆ, ಮಕ್ಕಳೊಂದಿಗೆ ಹೋಗಬಲ್ಲ ಕಾರ್ಡುಗಳು, ಪುಸ್ತಕಗಳು, ಕಿಟ್ಟು, ಮಡಿಸುವ ಮೇಜುಗಳನ್ನೇ ಕೊಡಿ. ದಾನಪತ್ರದಲ್ಲಿ, ಶಾಲೆ ವಿಲೀನವಾದರೆ ಇವೆಲ್ಲ ಆ ಮಕ್ಕಳು ಸೇರುವ ಶಾಲೆಗೆ ವರ್ಗವಾಗಬೇಕೆಂದು ಸ್ಪಷ್ಟವಾಗಿ ಬರೆಸಿ, ಅದರ ಪ್ರತಿಯೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ.